ಅಕ್ಕನ ಚೀಟಿ ಇಲ್ಲದ ನಲವತ್ತು ದಿನ

ಮನೆ, ಅಡುಗೆಮನೆಯ ಮೇಜು
ಗುರುವಾರ, ಅಕ್ಟೋಬರ್ ೧೬, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮೊಣಕಾಲು ನೋವು ಸ್ವಲ್ಪವಾದರೂ ಇಳಿಯಿತೆ? ಮಗಳ ಮನೆ ನಾಲ್ಕನೇ ಮಹಡಿ, ಲಿಫ್ಟು ವಾರಕ್ಕೆ ಎರಡು ದಿನ ಮುಷ್ಕರ ಹೂಡುತ್ತದೆ ಎಂದು ಬರೆದಿದ್ದೀಯಲ್ಲ, ಅದನ್ನು ಓದಿದಾಗಿನಿಂದ ನನ್ನ ಮೊಣಕಾಲೇ ಜುಂ ಎನ್ನುತ್ತಿದೆ. ಬಾಣಂತಿ ಸರಿಯಾಗಿ ಊಟ ಮಾಡುತ್ತಿದ್ದಾಳೆಯೆ? ಕೂಸು ಮೈ ತುಂಬಿಕೊಂಡಿತೆ? ಅದು ಅತ್ತು ಅತ್ತು ಇಡೀ ಮನೆಯನ್ನು ಎತ್ತಿ ಕುಣಿಸುತ್ತದೆ ಎಂದಿದ್ದೀಯ. ಹೇಗೆ ಅಳುತ್ತದೆ ಎಂದು ಮಾತ್ರ ಬರೆಯಲೇ ಇಲ್ಲ. ಬೆಕ್ಕಿನ ಮರಿಯ ಹಾಗೋ, ಎಣ್ಣೆ ಕಾಣದ ಬಾಗಿಲಿನ ಹಾಗೋ? ಒಂಬತ್ತನೇ ವಯಸ್ಸಿನಲ್ಲಿ ಆ ಜ್ವರ ಬಂದು ಕಿವಿ ಹೋಗುವ ಮೊದಲು ಇವೆರಡನ್ನೂ ಕೇಳಿದ್ದೇನೆ, ಚೆನ್ನಾಗಿ ನೆನಪಿದೆ. ಯಾವುದು ಎಂದು ಬರೆ, ಮಿಕ್ಕಿದ್ದನ್ನು ನಾನು ಊಹಿಸಿಕೊಳ್ಳುತ್ತೇನೆ.

ನಾನೂ ಭಾವನೂ ಇಲ್ಲಿ ಬದುಕಿದ್ದೇವೆ. ಮೂವತ್ತು ವರ್ಷ ಬಸ್ಸು ಓಡಿಸಿದ ಮನುಷ್ಯ ಅಡುಗೆಯನ್ನೂ ಹಾಗೆಯೇ ಮಾಡುತ್ತಾರೆ. ಒಲೆ ಹಚ್ಚಿದರೆಂದರೆ ಮುಂದಿನ ಸ್ಟಾಪಿನವರೆಗೂ ಯಾರು ಏನಂದರೂ ನಿಲ್ಲಿಸುವುದಿಲ್ಲ. ಕಷ್ಟವೇನೆಂದರೆ, ಅವರು ಒಲೆಯ ಕಡೆ ಮುಖ ಮಾಡಿಕೊಂಡೇ ನನ್ನ ಹತ್ತಿರ ಮಾತಾಡುತ್ತಾರೆ. ಅವರ ಬೆನ್ನು ನೋಡಿ ನಾನು ಏನು ಓದಲಿ? ಕೊನೆಗೆ ಫ್ರಿಜ್ಜಿನ ಬಾಗಿಲಿಗೆ ಒಂದು ಸ್ಲೇಟು ನೇತು ಹಾಕಿದೆ. ಮೊದಲ ದಿನ ಅವರು ಅದರ ಮೇಲೆ ‘ಉಪ್ಪು ಹಾಕಿದ್ದೇನೆ’ ಎಂದು ಬರೆದರು. ಅದನ್ನು ಓದುವ ಹೊತ್ತಿಗೆ ನಾನೂ ಹಾಕಿಯಾಗಿತ್ತು. ಅವತ್ತು ಇಬ್ಬರೂ ಒಣ ಬ್ರೆಡ್ಡು ತಿಂದು, ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕೆವು. ಅವರಿಗೆ ನೀನಿಲ್ಲದೆ ಹೊತ್ತೇ ಹೋಗುವುದಿಲ್ಲ. ಹಾಗೆಂದು ಬಾಯಿಬಿಟ್ಟು ಹೇಳುವ ಜಾತಿಯಲ್ಲ. ದಿನಾ ಸಂಜೆ ನಿನ್ನ ಕನ್ನಡಕದ ಖಾಲಿ ಡಬ್ಬಿಯನ್ನು ಒರೆಸಿ ಒರೆಸಿ ಇಡುತ್ತಾರೆ.

ಇನ್ನು ನನ್ನ ವಿಷಯ. ನೀನು ಹೊರಟ ದಿನ ಬಾಗಿಲಲ್ಲಿ ನಿಂತು, “ನಾನಿಲ್ದೆ ಸೈಟಲ್ಲಿ ಏನ್ ಮಾಡ್ತೀಯೋ” ಎಂದು ಮೂರು ಸಲ ಕೇಳಿದೆ. ನಾಲ್ಕನೇ ಸಲ ಮುಖ ಆಚೆ ತಿರುಗಿಸಿಕೊಂಡೆ. ತುಟಿ ಕಾಣಲಿಲ್ಲ, ಭುಜ ಅಲುಗಿದ್ದು ಕಂಡಿತು. ನನಗೂ ಒಳಗೊಳಗೇ ಪುಕಪುಕ ಎನ್ನುತ್ತಿತ್ತು, ನಿನಗೆ ತೋರಿಸಿಕೊಳ್ಳಲಿಲ್ಲ. ಹತ್ತೊಂಬತ್ತು ವರ್ಷ, ಆರು ಸೈಟು. ನೀನು ಸ್ಟೋರಿನಲ್ಲಿ, ನಾನು ಸೆಂಟ್ರಿಂಗಿನ ಹಲಗೆ, ಕಂಬಗಳ ನಡುವೆ. ಯಾರು ಏನು ಹೇಳಿದರೂ ಅದು ನಿನ್ನ ಕಿವಿಗೆ ಹೋಗಿ, ನಿನ್ನ ಕೈಯಿಂದ ಚೀಟಿಯಾಗಿ ನನಗೆ ಬರಬೇಕು. ಇಷ್ಟು ದೊಡ್ಡ ರೈಲು ನಿಲ್ದಾಣ, ಒಂದು ಕಡೆ ಒಡೆಯುತ್ತಾ ಇನ್ನೊಂದು ಕಡೆ ಕಟ್ಟುತ್ತಾ, ನಡುವೆ ಜನ ತಗಡಿನ ಬೇಲಿಯ ಪಕ್ಕ ಪೆಟ್ಟಿಗೆ ಎಳೆದುಕೊಂಡು ರೈಲು ಹತ್ತುತ್ತಾ ಇರುವಲ್ಲಿ, ಚೀಟಿ ಇಲ್ಲದೆ ನಾನು ಹೇಗಪ್ಪಾ ಎಂದು ಮೊದಲ ವಾರ ಊಟವೇ ಸೇರಲಿಲ್ಲ. ನಿನ್ನ ಜಾಗಕ್ಕೆ ಬಂದ ಸ್ಟೋರಿನವನು ಒಳ್ಳೆಯವನೇ. ಆದರೆ ಅವನ ಅಕ್ಷರ ಇರುವೆ ಶಾಯಿಯಲ್ಲಿ ಮಿಂದು ಓಡಿದ ಹಾಗಿದೆ.

ಎರಡನೇ ವಾರ ಎಲ್ಲರಿಗೂ ಟ್ಯಾಬ್ ಕೊಟ್ಟರು. ನೀನಿದ್ದಾಗಲೇ ಕೊಡುತ್ತಾರೆ, ಕೊಡುತ್ತಾರೆ ಎಂದು ಸುದ್ದಿ ಇತ್ತಲ್ಲ, ಅದೇ. ಜೊತೆಗೆ ಮಣಿಕಟ್ಟಿಗೆ ಒಂದು ಪಟ್ಟಿ. ಇನ್ನು ಮೇಲೆ ನಕ್ಷೆಗಳೆಲ್ಲ ಟ್ಯಾಬಿನಲ್ಲೇ. ನಾವು ನಿಂತ ಜಾಗವನ್ನು ಅದೇ ನೀಲಿ ಚುಕ್ಕೆಯಾಗಿ ತೋರಿಸುತ್ತದೆ. ಎಲ್ಲಾದರೂ ಏನಾದರೂ ಸರಿಯಿಲ್ಲ ಅನ್ನಿಸಿದರೆ ಫೋಟೋ ತೆಗೆದು ನಕ್ಷೆಯ ಮೇಲೆ ಅಲ್ಲಿಯೇ ಒಂದು ಗುರುತು ಚುಚ್ಚಿ, ಎರಡು ಸಾಲು ಬರೆದರಾಯಿತು, ಸಂಬಂಧಪಟ್ಟವರಿಗೆ ಹೋಗುತ್ತದೆ. ಪಟ್ಟಿಯ ಕೆಲಸ ಬೇರೆ. ನಮ್ಮ ಹಳಿಯಲ್ಲಿ ರೈಲು ಬರುವುದಿದ್ದರೆ ಅದು ಮಣಿಕಟ್ಟಿನ ಮೇಲೆ ಗುಂಯ್ ಎಂದು ನಡುಗುತ್ತದೆ. ಗುಂಯ್ ಎನ್ನುವುದು ನನ್ನ ಊಹೆ, ನಡುಗುವುದಂತೂ ನಿಜ. ಅಕ್ಕಾ, ಸೀಟಿ ಕೇಳಿಸುವುದಿಲ್ಲ ಎಂದು ನನ್ನನ್ನು ಹಳಿಯ ಪಕ್ಕದ ಕೆಲಸಕ್ಕೆ ಯಾವತ್ತೂ ಬಿಟ್ಟವರಲ್ಲ. ಮೊದಲ ಸಲ ಮೂರನೇ ಪ್ಲಾಟ್‌ಫಾರಂ ಅಂಚಿನಲ್ಲಿ ನಿಂತು, ಪಟ್ಟಿ ನಡುಗಿ, ಎಲ್ಲರ ಜೊತೆಗೆ, ಎಲ್ಲರಷ್ಟೇ ಹೊತ್ತಿಗೆ ನಾನೂ ಹಿಂದೆ ಸರಿದೆ. ರೈಲು ಹೋದ ಗಾಳಿಗೆ ಅಂಗಿ ಮೈಗೆ ಅಂಟಿತು. ನಲವತ್ತಾರು ವರ್ಷದ ಗಂಡಸು, ಆ ಗಾಳಿಗೆ ಹಲ್ಲು ಕಿರಿದುಕೊಂಡು ನಿಂತಿದ್ದೆನಂತೆ.

ಅದಕ್ಕಿಂತ ದೊಡ್ಡದು ಬೆಳಗಿನ ಸಭೆ. ನಮ್ಮ ಇಂಜಿನಿಯರಮ್ಮ, ನಿನಗೆ ಗೊತ್ತಲ್ಲ, ವಯಸ್ಸಿನಲ್ಲಿ ನಿನ್ನ ಮಗಳಿಗಿಂತ ಎರಡು ವರ್ಷ ದೊಡ್ಡವರಿರಬೇಕು, ಅವರು ನನ್ನ ಟ್ಯಾಬ್ ಇಸಿದುಕೊಂಡು ಏನೋ ಒತ್ತಿ ವಾಪಸು ಕೊಟ್ಟರು. ನೋಡುತ್ತೇನೆ, ಅವರು ಆಡುವ ಮಾತೆಲ್ಲ ಅಕ್ಷರವಾಗಿ ಪರದೆಯ ಮೇಲೆ ಹರಿಯುತ್ತಿದೆ! ಅವರದಷ್ಟೇ ಅಲ್ಲ, ಅಲ್ಲಿ ಯಾರು ಬಾಯಿ ತೆರೆದರೂ. ಯಂತ್ರ ಬಲು ಬುದ್ಧಿವಂತ ಏನಲ್ಲ. ಕಂಬದ ಬುಡಕ್ಕೆ ಹೊಡೆಯುವ ಬೆಣೆ ಅದಕ್ಕೆ ಬೆಣ್ಣೆ, ಮೊಳೆ ಅದಕ್ಕೆ ಮಳೆ. “ಎಲ್ಲ ಕಂಬಕ್ಕೂ ಬೆಣ್ಣೆ ಬಿಗಿ ಮಾಡಿ, ಸ್ಟೋರಿಂದ ನಾಲ್ಕು ಡಬ್ಬಿ ಮಳೆ ತನ್ನಿ” ಎಂದು ಓದಿ ನಾನು ಒಬ್ಬನೇ ಫಕ್ಕನೆ ನಕ್ಕೆ. ಎಲ್ಲರೂ ತಿರುಗಿ ನೋಡಿದರು. ಇಂಜಿನಿಯರಮ್ಮ ಟ್ಯಾಬ್ ನೋಡಿ ಅದನ್ನು ಜೋರಾಗಿ ಓದಿದರು. ಮೂವತ್ತು ಜನವೂ ನಕ್ಕರು. ಒಂದು ತಮಾಷೆಗೆ ನಾನು ಎಲ್ಲರಿಗಿಂತ ಮೊದಲು ನಕ್ಕಿದ್ದು ಅದೇ ಮೊದಲು.

ಒಂದು ಮಾತು ನಿನಗೂ ಹೇಳಿರಲಿಲ್ಲ. ಇಷ್ಟು ವರ್ಷ ನಾಲ್ಕು ಜನ ಗುಂಪಾಗಿ ನಿಂತು ನಕ್ಕಾಗಲೆಲ್ಲ ಅದು ನನ್ನ ಮೇಲೆಯೇ ಎಂದುಕೊಂಡಿದ್ದೆ. ಅದಕ್ಕೇ ಊಟಕ್ಕೆ ದೂರ ಹೋಗಿ ಕೂರುತ್ತಿದ್ದೆ. ನೀನು ಬಂದು ಪಕ್ಕದಲ್ಲಿ ಡಬ್ಬಿ ಬಿಚ್ಚುತ್ತಿದ್ದೆ, ಏನೂ ಕೇಳುತ್ತಿರಲಿಲ್ಲ. ಈಗ ಟ್ಯಾಬನ್ನು ತೊಡೆಯ ಮೇಲೆ ಇಟ್ಟುಕೊಂಡು ಅವರ ನಡುವೆಯೇ ಕೂತಿದ್ದೇನೆ. ಈ ಒಂದು ತಿಂಗಳಲ್ಲಿ ನನ್ನ ಬಗ್ಗೆ ಒಂದೇ ಒಂದು ತಮಾಷೆ ಬರಲಿಲ್ಲ, ಅಕ್ಕಾ. ಅವರು ನಗುವುದು ಕ್ರೇನ್ ಓಡಿಸುವ ಒಂಟೆಯ ಪ್ಯಾಂಟು ಅವನ ಕಾಲಿಗೆ ಎಟುಕುವುದಿಲ್ಲ ಎಂಬುದಕ್ಕೆ. (ಒಂಟೆ ಎಂದರೆ ಆ ಆರೂವರೆ ಅಡಿಯವನು. ನೀನು ಸ್ಟೋರಿನ ಬಾಗಿಲಿಗೆ ‘ತಲೆ ಜೋಪಾನ’ ಎಂದು ಬರೆದು ಅಂಟಿಸಿದ್ದು ಅವನಿಗಾಗಿಯೇ ಅಲ್ಲವೆ?) ನಗುವುದು ಮೇಸ್ತ್ರಿಯ ಡಬ್ಬಿಯಲ್ಲಿ ದಿನಾ ಅದೇ ಬೇಯಿಸಿದ ಮೊಟ್ಟೆ ಎಂಬುದಕ್ಕೆ. ನಾನು ಅವರಿಗೆ ಅಷ್ಟು ಮುಖ್ಯನೇ ಆಗಿರಲಿಲ್ಲ! ಮೊದಲು ನೆಮ್ಮದಿಯಾಯಿತು, ಆಮೇಲೆ ಸ್ವಲ್ಪ ಬೇಜಾರೂ ಆಯಿತು. ಇನ್ನೊಂದು ಗೊತ್ತಾಯಿತು: ಅರ್ಧ ಗಂಟೆಯ ಸಭೆಯನ್ನು ನೀನು ‘ಹೆಲ್ಮೆಟ್ ಹಾಕ್ಕೋ, ಒಂದಕ್ಕೆ ಊಟ’ ಎಂದು ಮುಗಿಸುತ್ತಿದ್ದೆಯಲ್ಲ, ಕಳ್ಳಿ, ನಡುವೆ ಎಷ್ಟೆಲ್ಲ ಇರುತ್ತಿತ್ತು! ಆದರೂ ನಿಜ ಹೇಳುತ್ತೇನೆ, ನಡುವಿನದರಲ್ಲಿ ಮುಕ್ಕಾಲು ಪಾಲು ಬರೀ ಹರಟೆ. ನೀನು ಜರಡಿ ಹಿಡಿದಿದ್ದು ಚೆನ್ನಾಗಿಯೇ ಇತ್ತು.

ಈಗ ಭಾನುವಾರದ ಸುದ್ದಿಗೆ ಬರುತ್ತೇನೆ. ಭಾವ ಫೋನಿನಲ್ಲಿ ನಿನಗೆ ‘ಸಣ್ಣದೇನೋ ಆಯ್ತು, ಯಾರಿಗೂ ಏನೂ ಆಗಿಲ್ಲ’ ಎಂದಷ್ಟೇ ಹೇಳಿದರಂತೆ. ಅದು ಸರಿಯೇ, ಯಾರಿಗೂ ಏನೂ ಆಗಲಿಲ್ಲ. ಅದನ್ನು ಮೊದಲೇ ಬರೆದಿದ್ದೇನೆ, ಇನ್ನು ಉಸಿರು ಬಿಗಿ ಹಿಡಿಯದೆ ಓದು.

ಹೊಸ ಮೇಲ್ಸೇತುವೆಯ ಮೆಟ್ಟಿಲು ಇಳಿದು ಬರುವಲ್ಲಿ ಮೂರನೇ ಪ್ಲಾಟ್‌ಫಾರಂ ಮೇಲೆ ಒಂದು ದೊಡ್ಡ ಚಪ್ಪಡಿ ಬರಬೇಕು. ಅದಕ್ಕೆ ಕಾಂಕ್ರೀಟ್ ಹಾಕಲು ಭಾನುವಾರ ಹನ್ನೊಂದರಿಂದ ಮೂರರವರೆಗೆ ಆ ಹಳಿಗಳಲ್ಲಿ ರೈಲು ನಿಲ್ಲಿಸಿದ್ದರು. ನಾಲ್ಕೇ ಗಂಟೆ, ಒಂದು ನಿಮಿಷ ಹೆಚ್ಚಿಲ್ಲ. ಹಲಗೆ ಹಾಸಿದ್ದು, ಕೆಳಗೆ ನಲವತ್ತೆರಡು ಕಂಬ ನಿಲ್ಲಿಸಿದ್ದು ನಮ್ಮ ತಂಡವೇ. ಬೆಳಗ್ಗೆ ಪ್ರತಿ ಕಂಬದ ಬುಡದ ಬೆಣೆಯನ್ನೂ ನಾನೇ ಸುತ್ತಿಗೆಯಿಂದ ಬಿಗಿ ಮಾಡಿದ್ದೆ. ಮೇಲೆ ಎಂಟು ಜನ, ಅವರ ಜೊತೆ ಮೇಸ್ತ್ರಿ. ಕಾಂಕ್ರೀಟ್ ಬೀಳುವಾಗ ಕೆಳಗೆ ಒಬ್ಬ ತಿರುಗಾಡುತ್ತಾ ಕಂಬಗಳನ್ನು ನೋಡುತ್ತಿರಬೇಕು, ಆ ಕೆಲಸ ನನ್ನದು. ಅದು ಏಕಾಂತದ ಕೆಲಸ, ಯಾರ ಹತ್ತಿರವೂ ಮಾತಾಡಬೇಕಿಲ್ಲ, ಅದಕ್ಕೇ ಇಷ್ಟು ವರ್ಷ ಅದು ನನ್ನದಾಗಿತ್ತು.

ಹನ್ನೆರಡೂವರೆಯ ಹೊತ್ತಿಗೆ ಅರ್ಧ ಚಪ್ಪಡಿ ತುಂಬಿತ್ತು. ನಾನು ಮೂರನೇ ಸಾಲಿಗೆ ಬಂದು ಬಗ್ಗಿ, ಅಭ್ಯಾಸದಂತೆ ಬೆಣೆ ಮುಟ್ಟಿದೆ. ಅಲುಗಿತು. ಅಕ್ಕಾ, ಮೇಲೆ ಭಾರ ಬೀಳುತ್ತಿರುವಾಗ ಬೆಣೆ ಇನ್ನೂ ಗಟ್ಟಿಯಾಗಿ ಕಚ್ಚಿಕೊಳ್ಳಬೇಕು. ಇದು ಎರಡು ಬೆರಳಿಗೆ ಕಿತ್ತು ಬಂತು. ಪಕ್ಕದ ಕಂಬದ್ದು ಮುಟ್ಟಿದೆ, ಅದೂ ಸಡಿಲ. ನಾನು ಸರಿಯಾಗಿ ಹೊಡೆದಿರಲಿಲ್ಲವೇ ಎಂದು ಮೊದಲು ನನ್ನ ಮೇಲೆಯೇ ಅನುಮಾನ. ಆಮೇಲೆ ಹೊಳೆಯಿತು. ಕಂಬ ಮೇಲಕ್ಕೆ ಹೋಗಿರಲು ಸಾಧ್ಯವಿಲ್ಲ, ಹಾಗಾದರೆ ಕೆಳಗಿನ ನೆಲ ಇಳಿಯುತ್ತಿದೆ. ಟ್ಯಾಬ್ ತೆಗೆದು ನಾನು ನಿಂತ ಜಾಗ ನೋಡಿದೆ. ನನ್ನ ನೀಲಿ ಚುಕ್ಕೆಯ ಅಡಿಯಲ್ಲಿಯೇ ಬೂದು ಬಣ್ಣದ ಚುಕ್ಕೆಗೆರೆ, ಪಕ್ಕದಲ್ಲಿ ‘ಹಳೆಯ ಸಾಮಾನು ಸುರಂಗ’ ಎಂದು ಸಣ್ಣ ಅಕ್ಷರ. ಹಿಂದೊಮ್ಮೆ ಪ್ರಯಾಣಿಕರ ಸಾಮಾನನ್ನು ಒಂದು ಪ್ಲಾಟ್‌ಫಾರಂನಿಂದ ಇನ್ನೊಂದಕ್ಕೆ ಕೆಳಗಿನಿಂದಲೇ ತಳ್ಳುಗಾಡಿಯಲ್ಲಿ ಸಾಗಿಸುತ್ತಿದ್ದರಂತೆ. ಆ ಇಟ್ಟಿಗೆಯ ಸುರಂಗವನ್ನು ಎರಡೂ ಬಾಯಿ ಮುಚ್ಚಿ ಎಲ್ಲರೂ ಮರೆತುಬಿಟ್ಟಿದ್ದರು. ನೆಲದೊಳಗನ್ನು ಯಂತ್ರದಲ್ಲಿ ನೋಡುವವರು ಬಂದು ಅದನ್ನು ಹುಡುಕಿ, ಶುಕ್ರವಾರ ಸಂಜೆಯಷ್ಟೇ ನಕ್ಷೆಗೆ ಸೇರಿಸಿದ್ದರು. ‘ನಕ್ಷೆ ಬದಲಾಗಿದೆ, ನೋಡಿದಿರಾ’ ಎಂದು ಎಲ್ಲರ ಟ್ಯಾಬಿಗೂ ಬಂದಿತ್ತು. ಎಲ್ಲರೂ ‘ನೋಡಿದೆ’ ಎಂದು ಒತ್ತಿದ್ದೆವು. ನಾನೂ ಒತ್ತಿದ್ದೆ, ಅಕ್ಕಾ. ಮನೆಗೆ ಹೋಗುವ ಅವಸರ, ನೋಡಿರಲಿಲ್ಲ. ಮೇಸ್ತ್ರಿಯಂತೂ ಟ್ಯಾಬನ್ನು ಹೊಸ ಬಟ್ಟೆಯ ಹಾಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಟ್ಟುಬಿಟ್ಟಿದ್ದರು, ‘ನೋಡಿದೆ’ಯನ್ನು ಅವರ ಪರವಾಗಿ ಯಾರೋ ಒತ್ತಿದ್ದರಂತೆ. ಅವರು ನಂಬಿದ್ದು ಜೇಬಿನಲ್ಲಿ ನಾಲ್ಕು ಮಡಿಕೆ ಮಾಡಿ ಇಟ್ಟಿದ್ದ ಟ್ಯಾಬಿಗೂ ಮೊದಲಿನ ಹಳೆಯ ಕಾಗದವನ್ನು.

ಏಣಿ ಹತ್ತಿ ಅರ್ಧಕ್ಕೆ ಹೋಗಿ ಮೇಸ್ತ್ರಿಯ ಬೂಟು ಎಳೆದೆ. ಅವರು ಬಗ್ಗಿ ನೋಡಿದರು. ಬಾಯಿಗೆ ಧೂಳಿನ ಮಾಸ್ಕು, ಏನು ಹೇಳಿದರೋ ಕಾಣದು. ಅಂಗೈ ಆಡಿಸಿ ‘ಆಮೇಲೆ’ ಎಂದು ಮತ್ತೆ ಕಾಂಕ್ರೀಟ್ ಪಂಪಿನ ಕಡೆ ತಿರುಗಿದರು. ಅವರದೇನು ತಪ್ಪು? ಹತ್ತೊಂಬತ್ತು ವರ್ಷ ನನ್ನ ಮಾತು ಆಮೇಲೆಯೇ ಬಂದಿದೆ, ನಿನ್ನ ಮೂಲಕ, ಚೀಟಿಯಲ್ಲಿ. ಒಂದು ಕ್ಷಣ ನನ್ನ ಕಣ್ಣೂ ಸ್ಟೋರಿನ ಕಡೆ ಹೋಯಿತು, ನೀನು ಬರುತ್ತಿದ್ದೀಯೇನೋ ಎಂಬಂತೆ. ಆಮೇಲೆ ಕೆಳಗಿಳಿದು, ಕಿತ್ತು ಬಂದ ಬೆಣೆಯನ್ನು ಅಂಗೈಯಲ್ಲಿ ಇಟ್ಟು ಫೋಟೋ ತೆಗೆದೆ. ನಕ್ಷೆಯ ಮೇಲೆ ಗುರುತು ಚುಚ್ಚಿದೆ. ‘ಮೂರನೇ ಸಾಲು. ನೆಲದೊಳಗೆ ಟೊಳ್ಳು. ಎಲ್ಲ ಇಳೀರಿ’ ಎಂದು ಬರೆದೆ. ಅವಸರದಲ್ಲಿ ‘ಇಳೀರಿ’ ಬರೆಯಲು ಮೂರು ಸಲ ಬೇಕಾಯಿತು. ಪರದೆಯ ಮೂಲೆಯ ಕೆಂಪು ಗುಂಡಿಯನ್ನು ಒತ್ತಿದೆ. ಅದು ಬೆಂಕಿ ಬಿದ್ದರೆ, ಪ್ರಾಣಕ್ಕೆ ಬಂದರೆ ಮಾತ್ರ ಒತ್ತಬೇಕಾದ ಗುಂಡಿ. ಸುಮ್ಮನೆ ಒತ್ತಿದವನಿಗೆ ಮಾರನೇ ದಿನ ಕೆಲಸ ಇರುವುದಿಲ್ಲ ಎಂದು ಕೊಡುವಾಗಲೇ ಹೇಳಿದ್ದರು.

ಎಲ್ಲರ ಮಣಿಕಟ್ಟಿನ ಪಟ್ಟಿಯೂ ಒಟ್ಟಿಗೆ ನಡುಗಿತು. ಎಲ್ಲರೂ ಏನು ಮಾಡಿದರು ಗೊತ್ತೆ? ತಲೆ ಎತ್ತಿ ಹಳಿಯ ಎರಡೂ ತುದಿ ನೋಡಿದರು, ರೈಲು ಬರುತ್ತಿದೆಯೇನೋ ಎಂದು! ರೈಲೇ ನಿಲ್ಲಿಸಿದ ಹಳಿಯಲ್ಲಿ ಎಲ್ಲಿಯ ರೈಲು? ಮೇಲಿನವರೂ ಅದನ್ನೇ ನೋಡುತ್ತಾ ನಿಂತರು. ನಾನು ಕೆಳಗೆ ನಿಂತು ಎರಡೂ ಕೈ ಬೀಸಿದೆ. ಆಮೇಲೆ ಏನಾಯಿತೋ ನನಗೆ ಪೂರ್ತಿ ತಿಳಿಯದು, ಎದೆಯಲ್ಲಿ ಏನೋ ಹರಿದ ಹಾಗಾಯಿತು. ಮೊದಲು ಪಂಪಿನವನು ಗಕ್ಕನೆ ಯಂತ್ರ ನಿಲ್ಲಿಸಿ ನನ್ನ ಕಡೆ ತಿರುಗಿದ. ಕ್ರೇನಿನ ಮೇಲಿಂದ ಒಂಟೆ ಟ್ಯಾಬ್ ಓದಿ, ಇಳಿಯಿರಿ ಇಳಿಯಿರಿ ಎಂದು ಆ ಉದ್ದ ಕೈಗಳನ್ನು ಬೀಸತೊಡಗಿದ. ಒಬ್ಬೊಬ್ಬರೇ ಏಣಿ ಇಳಿದರು. ಮೇಸ್ತ್ರಿ ಕೊನೆಯಲ್ಲಿ. ಎಲ್ಲರೂ ಹಳೆ ಟಿಕೆಟ್ ಕಿಟಕಿಯವರೆಗೆ ಓಡಿ ನಿಂತು, ನಾನು ಏನಾದರೂ ಹುಚ್ಚು ಮಾಡಿಬಿಟ್ಟೆನೇ ಎಂದು ಬೆವರುತ್ತಿರುವಾಗ, ಮೂರನೇ ಸಾಲಿನ ಕಂಬಗಳು ಮೊಣಕಾಲುದ್ದ ನೆಲದೊಳಗೆ ಇಳಿದವು. ತಟ್ಟೆ ವಾಲಿದ ಹಾಗೆ ಹಲಗೆ ವಾಲಿ, ಹಸಿ ಕಾಂಕ್ರೀಟ್ ಎಲ್ಲ ಒಂದು ಕಡೆಗೆ ಜಾರಿ ಸುರಿಯಿತು. ಐದಾರು ನಿಮಿಷದ ಹಿಂದೆ ನಾನು ಬಗ್ಗಿ ಕೂತಿದ್ದ ಜಾಗ ಅದೇ. ಬೇರೆಯವರ ಮುಖದಿಂದ ತಿಳಿಯಿತು, ಸದ್ದು ತುಂಬಾ ದೊಡ್ಡದಿತ್ತು ಎಂದು.

ಇಂಜಿನಿಯರಮ್ಮ ಓಡಿ ಬಂದರು. ತಲೆ ಎಣಿಸಿದರು, ಮತ್ತೊಮ್ಮೆ ಎಣಿಸಿದರು. ಆಮೇಲೆ ನನ್ನ ಪಕ್ಕದಲ್ಲಿ ನೆಲದ ಮೇಲೆಯೇ ಕೂತು ಟ್ಯಾಬಿನಲ್ಲಿ ಬರೆದು ತೋರಿಸಿದರು: ‘ನೀವು ಕೂಗಿದ್ದು ಆರನೇ ಪ್ಲಾಟ್‌ಫಾರಂವರೆಗೂ ಕೇಳಿಸ್ತು.’ ನಾನು ಕೂಗಿದೆನೇ? ನನಗೆ ಗೊತ್ತೇ ಇರಲಿಲ್ಲ. ನಿನಗೆ ನೆನಪಿದೆಯಲ್ಲ, ಚಿಕ್ಕವನಿದ್ದಾಗ ಬೀದಿಯಲ್ಲಿ ನಾನು ಮಾತಾಡಿದರೆ ಜನ ತಿರುಗಿ ನೋಡುತ್ತಾರೆ ಎಂದು ನೀನು ಮೆಲ್ಲಗೆ ನನ್ನ ಕೈ ಅದುಮುತ್ತಿದ್ದೆ. ಆಮೇಲಾಮೇಲೆ ಮನೆಯ ಹೊರಗೆ ನಾನು ಬಾಯಿ ಬಿಡುವುದನ್ನೇ ನಿಲ್ಲಿಸಿದೆ. ‘ಏನಂತ ಕೂಗಿದೆ’ ಎಂದು ಬರೆದು ಕೇಳಿದೆ. ಅವರು ಕಣ್ಣು ಒರೆಸಿಕೊಂಡು ಬರೆದರು: ‘ಅಕ್ಕಾ ಅಂತ.’

ನಗಬೇಡ. ಅಥವಾ ನಗು, ಇಲ್ಲಿ ಎಲ್ಲರೂ ನಕ್ಕರು, ಆವತ್ತು ಆ ನಗು ಎಲ್ಲರಿಗೂ ಬೇಕಾಗಿತ್ತು. “ಯಾರ ಅಕ್ಕ, ಏನಾಯ್ತು ಅಂತ ನೋಡೋಕೇ ನಾನು ಪಂಪ್ ನಿಲ್ಸಿದ್ದು” ಎಂದ ಪಂಪಿನವನು. “ನಂಗೂ ಒಬ್ಳು ಅಕ್ಕ ಇದಾಳೆ, ಅವಳೇ ಬಂದ್ಬಿಟ್ಲೇನೋ ಅಂತ ನಡುಕ ಹುಟ್ತು” ಎಂದ ಒಂಟೆ. ಇದೆಲ್ಲ ಟ್ಯಾಬಿನಲ್ಲಿ ಓದಿದೆ. ಯಂತ್ರ ಅಕ್ಕನನ್ನು ಮಾತ್ರ ಒಂದು ಸಲವೂ ತಪ್ಪು ಬರೆಯಲಿಲ್ಲ.

ಮೇಸ್ತ್ರಿ ನಗಲಿಲ್ಲ. ಸಿಮೆಂಟಿನ ಖಾಲಿ ಚೀಲದ ಮೇಲೆ ತುಂಬಾ ಹೊತ್ತು ತಲೆ ತಗ್ಗಿಸಿ ಕೂತಿದ್ದರು. ಎದ್ದು ಬಂದು ನನ್ನ ಮುಂದೆ ನಿಂತು, ಮಾಸ್ಕು ತೆಗೆದು, ತುಟಿ ಚೆನ್ನಾಗಿ ಕಾಣುವ ಹಾಗೆ ಒಂದೊಂದೇ ಪದ ಬಿಡಿಸಿ ಹೇಳಿದರು: “ನಾನು, ತಿರುಗಿ, ನೋಡ್ಬೇಕಿತ್ತು.” ಇಷ್ಟು ಹೇಳಲು ಅವರಿಗೆ ಎಷ್ಟು ಕಷ್ಟವಾಯಿತೋ, ಕುತ್ತಿಗೆಯ ನರ ಉಬ್ಬಿತ್ತು. ನಾನು ಅವರ ಹೆಗಲ ಮೇಲೆ ಕೈ ಇಟ್ಟೆ. ಸೋಮವಾರ ಬೆಳಗ್ಗೆ ಅವರ ಟ್ಯಾಬಿನ ಪ್ಲಾಸ್ಟಿಕ್ಕು ಬಿಚ್ಚಿ, ನಕ್ಷೆ ತೆರೆಯುವುದು ಹೇಗೆ ಎಂದು ನಾನೇ ತೋರಿಸಿಕೊಟ್ಟೆ. ಅವರ ಬೆರಳು ನನ್ನದಕ್ಕಿಂತ ದಪ್ಪ, ಒಂದನ್ನು ಒತ್ತಿದರೆ ಮೂರು ತೆರೆಯುತ್ತದೆ. ಆದರೂ ಬಿಡಲಿಲ್ಲ. ಈಗ ‘ನೋಡಿದೆ’ ಎಂದು ಒತ್ತಿದರೆ ಸಾಲದು, ಬದಲಾದ ಜಾಗಕ್ಕೇ ಹೋಗಿ ನಿಂತು ಒತ್ತಬೇಕು ಎಂದು ಇಂಜಿನಿಯರಮ್ಮ ಹೊಸ ನಿಯಮ ಮಾಡಿದ್ದಾರೆ. ಎಲ್ಲರೂ ಗೊಣಗುತ್ತಾರೆ, ಹೋಗಿಯೂ ಹೋಗುತ್ತಾರೆ. ನಮ್ಮ ಭಾಗದ ಕೆಲಸವನ್ನು ಪರೀಕ್ಷೆಗೆಂದು ಇವತ್ತು ಮತ್ತು ನಾಳೆ ನಿಲ್ಲಿಸಿದ್ದಾರೆ, ಹಾಗಾಗಿ ನಡುಹಗಲಿನಲ್ಲಿ ಕೂತು ನಿನಗೆ ಇಷ್ಟುದ್ದ ಬರೆಯಲು ಪುರುಸೊತ್ತು ಸಿಕ್ಕಿತು. ಟ್ಯಾಬಿನಲ್ಲೇ ಬರೆದು ಕಳಿಸಬಹುದಿತ್ತು. ಆದರೆ ಅದು ನಿನ್ನ ಮಗಳ ಫೋನಿಗೆ ಹೋಗಿ, ಅವಳು ಓದಿ ಹೇಳಿ, ಅವಳು ಬಿಟ್ಟಿದ್ದು ಬಿಟ್ಟು ನಿನಗೆ ತಲುಪುತ್ತದೆ. ಇದು ನಿನ್ನ ಕೈಗೇ ಬರಲಿ.

ಹಾಂ, ಮಂಗಳವಾರ ಇನ್ನೊಂದು ಮಾತು ಬಂತು. ಮೇಸ್ತ್ರಿಗೆ ಬರುವ ತಿಂಗಳು ನಿವೃತ್ತಿ, ಅಲ್ಲಿಯವರೆಗೆ ಅಂಗಳದ ಸಾಮಾನು ನೋಡಿಕೊಂಡಿರುತ್ತೇನೆ ಎಂದು ಅವರೇ ಕೇಳಿಕೊಂಡಿದ್ದಾರೆ. ಐದು, ಆರನೇ ಪ್ಲಾಟ್‌ಫಾರಂ ಸೆಂಟ್ರಿಂಗಿಗೆ ನಾನು ಮೇಸ್ತ್ರಿಯಾಗಬೇಕಂತೆ. ಹನ್ನೆರಡು ಜನ ಬಡಗಿಗಳು ನನ್ನ ಕೈಕೆಳಗೆ. ಶನಿವಾರದ ಒಳಗೆ ಹೇಳಿ ಎಂದಿದ್ದಾರೆ ಇಂಜಿನಿಯರಮ್ಮ. ನೋಡೋಣ.

ಭಾವ ಒಲೆಯ ಮುಂದೆ ನಿಂತು ನಿನಗೆ ಏನೋ ಹೇಳು ಎನ್ನುತ್ತಿರುವಂತಿದೆ, ಬೆನ್ನು ಮಾತ್ರ ಕಾಣುತ್ತಿದೆ. ನಿನ್ನ ನೆನಪಾಗುತ್ತಿದೆ ಎಂದಿರಬೇಕು. ಅಥವಾ ಈರುಳ್ಳಿ ಎಲ್ಲಿಟ್ಟಿದ್ದೀಯ ಎಂದು ಕೇಳಿರಬೇಕು. ಎರಡಕ್ಕೂ ಉತ್ತರ ಬರೆ. ಬಾಣಂತಿಗೆ ಮಾವನ ಪ್ರೀತಿ ಹೇಳು. ಕೂಸಿನ ಎರಡೂ ಅಂಗಾಲಿಗೆ ನನ್ನ ಪರವಾಗಿ ಒಂದೊಂದು ಮುತ್ತು ಕೊಡು, ನಿನ್ನ ಮೊಣಕಾಲಿಗೆ ಬಿಸಿನೀರಿನ ಚೀಲ ಇಡುವುದನ್ನು ತಪ್ಪಿಸಬೇಡ.

ಯಾವತ್ತಿಗೂ ನಿನ್ನ,
ತಮ್ಮ

ತಾ.ಕ.: ಲಕೋಟೆಗೆ ಹಾಕಿ ಅಂಟಿಸುವುದರಲ್ಲಿದ್ದೆ, ಮತ್ತೆ ತೆಗೆದೆ. ‘ನೋಡೋಣ’ ಎಂದು ಬರೆದಿದ್ದು ಸುಳ್ಳು. ಮಂಗಳವಾರ ಇಂಜಿನಿಯರಮ್ಮ ‘ಈ ಸಲವಾದರೂ ಇಲ್ಲ ಅನ್ನಬೇಡಿ’ ಎಂದು ಬರೆದಿದ್ದರು. ಹಿಂದೆ ಯಾವಾಗ ಇಲ್ಲ ಎಂದೆ ಎಂದು ಕೇಳಿದೆ. ಅವರಿಗೆ ಗಲಿಬಿಲಿಯಾಯಿತು. ಹಳೆಯ ಫೈಲುಗಳ ಹಾಳೆಗಳನ್ನೆಲ್ಲ ಫೋಟೋ ಹಿಡಿದು ಟ್ಯಾಬಿನೊಳಗೆ ಹಾಕಿದ್ದಾರೆ, ಹುಡುಕಿ ತೋರಿಸಿದರು. ಎರಡು ವರ್ಷದ ಹಿಂದೆ ಒಂದನೇ ಪ್ಲಾಟ್‌ಫಾರಂಗೆ ನನ್ನನ್ನೇ ಮೇಸ್ತ್ರಿ ಮಾಡಬೇಕೆಂದಿದ್ದರು. ಆ ಕಾಗದಕ್ಕೆ ಪಿನ್ನು ಹಾಕಿದ ಚೀಟಿ, ನಿನ್ನ ಅಕ್ಷರ: ‘ನನ್ನ ತಮ್ಮನಿಗೆ ಬೇಡ. ಅವನ ಮಾತು ಯಾರೂ ಕೇಳಲ್ಲ, ಏನಾದ್ರೂ ಆದ್ರೆ ಅವನ ತಲೆಗೆ ಬರತ್ತೆ. ಕೇಳಿದ್ರಿ ಅಂತ ಅವನಿಗೆ ಹೇಳಬೇಡಿ, ನೊಂದ್ಕೋತಾನೆ.’ ಮಂಗಳವಾರ ಸಂಜೆಯೆಲ್ಲ ನಿನ್ನ ಮೇಲೆ ಕೆಂಡದಂಥ ಕೋಪ ಬಂದಿತ್ತು, ಊಟ ಬಿಟ್ಟೆ, ಭಾವ ಸ್ಲೇಟಿನ ಮೇಲೆ ‘ಏನಾಯ್ತು’ ಎಂದು ನಾಲ್ಕು ಸಲ ಬರೆದರು. ಬುಧವಾರ ಬೆಳಗ್ಗೆ ಆ ಚೀಟಿಯನ್ನು ಇನ್ನೊಮ್ಮೆ ದೊಡ್ಡದು ಮಾಡಿ ನೋಡಿದೆ. ‘ಬೇಡ’ ಎಂಬುದನ್ನು ನೀನು ಎರಡು ಸಲ ಹೊಡೆದುಹಾಕಿ ಮೂರನೇ ಸಲ ಬರೆದಿದ್ದೀಯ. ಆಗ ಕೋಪ ಹೋಯಿತು. ನಿನ್ನೆ ಮಧ್ಯಾಹ್ನ ಹೋಗಿ ಒಪ್ಪಿಕೊಂಡೆ, ಸಹಿ ಹಾಕಿದೆ, ಶನಿವಾರದವರೆಗೆ ಕಾಯಲಿಲ್ಲ, ನಿನ್ನನ್ನು ಕೇಳಲಿಲ್ಲ. ಸೋಮವಾರ ಬೆಳಗಿನ ಸಭೆಯಲ್ಲಿ ಹನ್ನೆರಡು ಜನರ ಮುಂದೆ ನಾನೇ ಮಾತಾಡುತ್ತೇನೆ, ಬಾಯಿಬಿಟ್ಟು, ಯಾರು ಬೇಕಾದರೂ ತಿರುಗಿ ನೋಡಲಿ. ನನಗೋಸ್ಕರ ರಜೆ ಮೊಟಕು ಮಾಡಿ ಮುಂದಿನ ವಾರವೇ ಬರುತ್ತೀಯ ಎಂದು ಭಾವ ಹೇಳಿದರು. ಬರಬೇಡ, ಕೂಸಿನ ಹತ್ತಿರ ಮೂರು ತಿಂಗಳೂ ಇದ್ದು ಬಾ. ನಾನು ಚೆನ್ನಾಗಿದ್ದೇನೆ, ಅಕ್ಕಾ. ಇದನ್ನು ಯಾರಿಂದಲೂ ಹೇಳಿ ಕಳಿಸುತ್ತಿಲ್ಲ, ನಾನೇ ಹೇಳುತ್ತಿದ್ದೇನೆ.